ಕುದುರೆಯ ಹಿಂಗಾಲು ನೋಡಲು ಕಲಿತ ಬಗೆ

ಮೂರು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ ನನ್ನ ಕುದುರೆ ಚಂದ್ರಿಯನ್ನು ಕೊಟ್ಟಿಗೆಯಿಂದ ಹೊರಗೆ ಕರೆತರುತ್ತಿದ್ದಾಗ ಅದರ ಎಡ ಹಿಂಗಾಲು ಹಿಂದಕ್ಕೆ ಚಾಚಿಕೊಂಡು ಹಾಗೆಯೇ ಬಿಗಿದು ನಿಂತಿತು. ಹೊಸ್ತಿಲ ಕಲ್ಲನ್ನು ದಾಟಿ ಮೂರು ಕಾಲುಗಳು ಹೊರಗೆ ಬಂದಿದ್ದವು. ನಾಲ್ಕನೆಯದು ಮಾತ್ರ ಮಡಿಯಲೊಲ್ಲದೆ, ಗೊರಸಿನ ತುದಿಯನ್ನು ನೆಲಕ್ಕೆ ಉಜ್ಜುತ್ತಾ ಕೋಲಿನಂತೆ ಹಿಂದೆ ಉಳಿದಿತ್ತು. ಗಾಬರಿಯಾಗಿ ಹಗ್ಗ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಒತ್ತಿದೆ. ತೊಡೆಯ ಒಳಗೆಲ್ಲೋ ‘ಟಕ್’ ಎಂಬ ಸದ್ದಾಯಿತು, ಕಾಲು ಒಮ್ಮೆಲೇ ಹೊಟ್ಟೆಯ ಕಡೆಗೆ ಜಿಗಿಯಿತು, ಕುದುರೆ ಏನೂ ಆಗಿಲ್ಲವೆಂಬಂತೆ ನಡೆಯತೊಡಗಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದೇ ವಾರ ಇನ್ನೂ ಎರಡು ಸಲ ಹೀಗಾಯಿತು.

ನನ್ನದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ಸ್ವಲ್ಪ ದಾಳಿಂಬೆ, ಉಳಿದದ್ದು ಮಳೆಯನ್ನು ನಂಬಿದ ಹೊಲ. ಸವಾರಿಯ ಹಂಬಲ ಹಳೆಯದು, ಕುದುರೆ ಕೊಳ್ಳುವ ಶಕ್ತಿ ಬಂದದ್ದು ಮಾತ್ರ ತಡವಾಗಿ. ಒಂದೇ ದಿನದಲ್ಲಿ 40 ಅಥವಾ 60 ಕಿಲೋಮೀಟರ್ ಕ್ರಮಿಸುವ, ನಡುನಡುವೆ ಪಶುವೈದ್ಯರು ಕುದುರೆಯನ್ನು ತಪಾಸಣೆ ಮಾಡಿ ಮುಂದಕ್ಕೆ ಬಿಡುವ ಎಂಡ್ಯೂರೆನ್ಸ್ ಸವಾರಿಯಲ್ಲಿ ಒಮ್ಮೆಯಾದರೂ ಪಾಲ್ಗೊಳ್ಳಬೇಕೆಂದು ಚಂದ್ರಿಯನ್ನು ತಂದಿದ್ದೆ. ಮಾರಿದವರ ಹೆಸರು ಇಲ್ಲಿ ಬೇಡ. ಅವರು ಮುಚ್ಚಿಟ್ಟದ್ದಕ್ಕಿಂತ ನನಗೆ ಕಾಣದೆ ಹೋದದ್ದೇ ಹೆಚ್ಚು.

ನಮ್ಮ ತಂದೆ ಎತ್ತಿನ ವ್ಯಾಪಾರದಲ್ಲಿ ಒಳ್ಳೆಯ ಹೆಸರು ಮಾಡಿದವರು. ಸಂತೆಗೆ ಹೋದಾಗಲೆಲ್ಲ ಅವರ ಬೆನ್ನ ಹಿಂದೆ ನಿಂತು ನಾನು ಕಾಲು ನೋಡುವುದನ್ನು ಕಲಿತೆ. ಹಿಂಗಾಲು ಕಂಬದ ಹಾಗೆ ಗಟ್ಟಿಯಾಗಿ ಕೆಳಗಿಳಿದಿರಬೇಕು, ಬಾಗಿದ ಕಾಲಿನ ಎತ್ತು ಭಾರಕ್ಕೆ ಕುಸಿಯುತ್ತದೆ ಎಂಬುದು ಅವರ ಲೆಕ್ಕ. ಚಂದ್ರಿಯ ಹಿಂಗಾಲು ಅಕ್ಷರಶಃ ಕಂಬದಂತಿತ್ತು. ಪಕ್ಕದಿಂದ ನೋಡಿದರೆ ತೊಡೆಯಿಂದ ಗೊರಸಿನವರೆಗೆ ಎಲ್ಲಿಯೂ ಬಳುಕಿಲ್ಲದ ಆ ಕಾಲನ್ನು ಕಂಡು ನಾನು ಮನಸೋತಿದ್ದೆ.

ರಾಯಚೂರಿನಲ್ಲಿ ನೆಲೆಸಿರುವ, ಸೇವಾವಧಿಯಲ್ಲಿ ಬಹಳಷ್ಟು ಕುದುರೆಗಳನ್ನು ನೋಡಿದ್ದ ನಿವೃತ್ತ ಪಶುವೈದ್ಯರೊಬ್ಬರು ನನ್ನ ಕರೆಗೆ ಓಗೊಟ್ಟು ತೋಟಕ್ಕೆ ಬಂದರು. ಚಂದ್ರಿಯನ್ನು ಹತ್ತು ನಿಮಿಷ ಸುಮ್ಮನೆ ನೋಡಿದ ಮೇಲೆ ಅವರು ಆಡಿದ ಮೊದಲ ಮಾತು: “ಗೌಡ್ರ, ಎತ್ತಿನ ಕಣ್ಣಿಲೆ ಕುದುರಿ ನೋಡೀರಿ.”

ಆಮೇಲೆ ಅವರು ನನ್ನ ಕೈ ಹಿಡಿದು ಕುದುರೆಯ ತೊಡೆಯ ಕೆಳಗಿನ ಕೀಲಿನ ಮೇಲೆ ಇಟ್ಟರು. ಹೊಟ್ಟೆಯ ಅಂಚಿನಲ್ಲಿ ಇರುವ ಆ ಕೀಲೇ ಸ್ಟೈಫಲ್. ಮನುಷ್ಯನ ಮೊಣಕಾಲಿಗೆ ಸಮನಾದದ್ದು ಅದು. ನಾವು ಹಳ್ಳಿಯಲ್ಲಿ ಹಿಂಗಾಲಿನ ಮಂಡಿ ಎಂದು ತೋರಿಸುವ, ಹಿಂದಕ್ಕೆ ಚೂಪಾಗಿ ಚಾಚಿದ ಕೀಲು ಹಾಕ್. ಅದು ಸಮನಾಗುವುದು ನಮ್ಮ ಹಿಮ್ಮಡಿಯ ಗಂಟಿಗೆ. ಅಂದರೆ ಕುದುರೆ ಸದಾ ತುದಿಗಾಲಿನ ಮೇಲೆ ನಿಂತಿರುವ ಪ್ರಾಣಿ. ನಿಂತೇ ತೂಕಡಿಸಲು ಅನುಕೂಲವಾಗಲಿ ಎಂದು ಅದರ ಮೊಣಕಾಲ ಚಿಪ್ಪು ತೊಡೆಮೂಳೆಯ ಒಳಬದಿಯ ದಿಂಡಿಗೆ ಸಿಕ್ಕಿಕೊಂಡು ಕಾಲನ್ನು ಬಿಗಿಯುವ ಏರ್ಪಾಡು ಹುಟ್ಟಿನಿಂದಲೇ ಇದೆ. ಹೆಜ್ಜೆ ಇಡುವಾಗ ತೊಡೆಯ ಸ್ನಾಯುಗಳು ಚಿಪ್ಪನ್ನು ಮೇಲೆತ್ತಿ ಬಿಡಿಸಬೇಕು. ಕೀಲುಗಳು ತೀರ ನೇರವಾಗಿದ್ದರೆ ಚಿಪ್ಪು ಸದಾ ಆ ದಿಂಡಿನ ಸಮೀಪದಲ್ಲೇ ಓಡಾಡುತ್ತದೆ. ಸ್ನಾಯು ಸೊರಗಿದ್ದರೆ ಅದು ಸಿಕ್ಕಿಕೊಂಡು ಬಿಡಿಸಿಕೊಳ್ಳದೆ ಉಳಿಯುತ್ತದೆ. ಚಂದ್ರಿಗೆ ಆದದ್ದು ಇದೇ. ಸ್ಟೈಫಲ್ ಮಡಿಯದೆ ಹಾಕ್ ಮಡಿಯಲಾರದು, ಹಾಕ್ ಮಡಿಯದೆ ಸ್ಟೈಫಲ್ ಮಡಿಯಲಾರದು, ಎರಡನ್ನೂ ಸ್ನಾಯುರಜ್ಜುಗಳು ಜೋಡಿಯಾಗಿ ಕಟ್ಟಿಹಾಕಿವೆ ಎಂದು ಅವರು ಹೇಳಿದಾಗ, ಕೇವಲ ಕೆಳಗಿನ ಕೀಲನ್ನು ನೋಡಿ ಕಾಲಿನ ಬೆಲೆ ಕಟ್ಟಿದ್ದ ನನ್ನ ತಪ್ಪು ಪೂರ್ತಿಯಾಗಿ ಅರ್ಥವಾಯಿತು.

ಚಿಕಿತ್ಸೆಯಾಗಿ ಅವರು ಸೂಚಿಸಿದ್ದು ವ್ಯಾಯಾಮ. ದಿನವೂ ಏರಿನಲ್ಲಿ ನಡೆಸುವುದು, ಹಿಂದಕ್ಕೆ ಹೆಜ್ಜೆ ಹಾಕಿಸುವುದು, ಕೊಟ್ಟಿಗೆಯಲ್ಲಿ ಕಟ್ಟಿಹಾಕದಿರುವುದು. ಆದರೆ ದೂರದ ಸವಾರಿಗೆ ಈ ಕುದುರೆಯನ್ನು ದುಡಿಸಬಾರದೆಂದು ಅಷ್ಟೇ ಸ್ಪಷ್ಟವಾಗಿ ಹೇಳಿದರು. ಅದಕ್ಕೆ ಅವರು ಕೊಟ್ಟ ಲೆಕ್ಕವನ್ನು ನಾನು ಮರೆತಿಲ್ಲ. ಕುಕ್ಕುಲೋಟದಲ್ಲಿ (ಟ್ರಾಟ್) ಕುದುರೆಯ ಒಂದು ಪೂರ್ಣ ಹೆಜ್ಜೆ ಎರಡೂವರೆಯಿಂದ ಮೂರು ಮೀಟರ್ ಎಂದಿಟ್ಟುಕೊಂಡರೆ, 40 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಪ್ರತಿಯೊಂದು ಹಿಂಗಾಲೂ 13 ಸಾವಿರದಿಂದ 16 ಸಾವಿರ ಸಲ ನೆಲಕ್ಕೆ ಬಿದ್ದು, ಭಾರ ಹೊತ್ತು, ದೇಹವನ್ನು ಮುಂದಕ್ಕೆ ನೂಕಿರುತ್ತದೆ. ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಅರವತ್ತರಷ್ಟನ್ನು ಮುಂಗಾಲುಗಳೇ ಹೊರುತ್ತವೆ, ನಿಜ. ನೂಕುವ ಕೆಲಸ ಹಿಂಗಾಲಿನದು. ನೇರ ಕಾಲಿನಲ್ಲಿ ಪೆಟ್ಟನ್ನು ನುಂಗುವ ಮಡಿಕೆ ಕಡಿಮೆಯಾದ್ದರಿಂದ ಆ ಪೆಟ್ಟು ಹಾಕ್‌ನ ಕೀಲಿಗೂ, ಅದರ ಕೆಳಗೆ ಎಲುಬಿನ ಬೆನ್ನಿಗೆ ಅಂಟಿಕೊಂಡು ಇಳಿಯುವ ಸಸ್ಪೆನ್ಸರಿ ಎಂಬ ಗಟ್ಟಿ ಪಟ್ಟಿಗೂ ಹೋಗುತ್ತದೆ. ಆ ಪಟ್ಟಿ ಸಡಿಲಿತೆಂದರೆ ಗೊರಸಿನ ಮೇಲಿನ ಗಂಟು ದಿನದಿನಕ್ಕೆ ನೆಲದ ಕಡೆ ಇಳಿಯುತ್ತಾ ಹೋಗುತ್ತದೆ, ಮತ್ತೆ ಮೇಲೇಳುವುದಿಲ್ಲ.

ಅವರಲ್ಲಿ ಪಾಠ ಹೇಳಿಸಿಕೊಳ್ಳಲು ನಾನು ಒಂದು ವರ್ಷದಲ್ಲಿ ಹಲವು ಸಲ ರಾಯಚೂರಿಗೆ ಹೋದೆ, ಅವರೂ ನಾಲ್ಕಾರು ಸಲ ಬಂದರು. ಮೊದಲ ಪಾಠ ನಡೆದದ್ದು ನಮ್ಮ ಕಣದಲ್ಲಿ. ನೆಲ ಸಮವಾಗಿರಬೇಕು, ಗಟ್ಟಿಯಾಗಿರಬೇಕು, ಹುಲ್ಲು ಮಣ್ಣು ಗೊರಸನ್ನು ಮುಚ್ಚಬಾರದು. ಎರಡೂ ಹಿಂಗಾಲುಗಳ ಮೇಲೆ ಸಮಭಾರ ಬಿದ್ದಿರಬೇಕು. ಕುದುರೆಗೆ ಒಂದು ಹಿಂಗಾಲನ್ನು ಸಡಿಲಬಿಟ್ಟು ನಿಲ್ಲುವ ಅಭ್ಯಾಸ ಇರುವುದರಿಂದ ಇದಕ್ಕೆ ತಾಳ್ಮೆ ಬೇಕು. ನಾನು ಗೌಂಡಿಯೊಬ್ಬರಿಂದ ಕೇಳಿ ತಂದಿದ್ದ ತೂಗುಗುಂಡಿನ ದಾರವನ್ನು, ಬಾಲದ ಪಕ್ಕದಲ್ಲಿ ಕೈಗೆ ಸಿಗುವ ಪೃಷ್ಠದ ತುದಿ ಎಲುಬಿನಿಂದ ಇಳಿಬಿಟ್ಟು, ಸ್ವಲ್ಪ ದೂರ ಸರಿದು ಪಕ್ಕದಿಂದ ನೋಡಿದೆವು. ಒಳ್ಳೆಯ ಕಾಲಿನಲ್ಲಿ ಆ ದಾರ ಹಾಕ್‌ನ ಹಿಂತುದಿಯನ್ನು ಮುಟ್ಟಿ, ಅಲ್ಲಿಂದ ಕೆಳಗಿನ ನೇರ ಎಲುಬಿನ ಹಿಂಬದಿಗೆ ಸಮಾನಾಂತರವಾಗಿ ಇಳಿದು, ಗೊರಸಿನ ಹಿಮ್ಮಡಿಯ ತುಸು ಹಿಂದೆ ನೆಲ ಸೇರುತ್ತದೆ. ಇಡೀ ಕಾಲು ದಾರದ ಹಿಂದಕ್ಕೆ ಉಳಿದರೆ ಕುದುರೆ ಕಾಲನ್ನು ಹೊಟ್ಟೆಯ ಕೆಳಗೆ ತರಲು ಕಷ್ಟಪಡುತ್ತದೆ. ಹಾಕ್‌ನ ತುದಿ ದಾರಕ್ಕೆ ತಾಗಿ, ಅದರ ಕೆಳಗಿನ ಎಲುಬು ಮಾತ್ರ ಮುಂದಕ್ಕೆ ಓರೆಯಾಗಿ ಹೋದರೆ ಅದು ಕುಡುಗೋಲಿನ ಆಕಾರದ ಕಾಲು.

ಕುಡುಗೋಲು ಕಾಲಿನ ವಿಷಯದಲ್ಲಿ ನಮ್ಮ ತಂದೆಯ ಭಯ ಸುಳ್ಳೇನೂ ಆಗಿರಲಿಲ್ಲ. ಅತಿಯಾಗಿ ಬಾಗಿದ ಹಾಕ್‌ನಲ್ಲಿ ಭಾರವೆಲ್ಲ ಕೀಲಿನ ಹಿಂಬದಿಯ ಪಟ್ಟಿಯ ಮೇಲೆ ಬೀಳುತ್ತದೆ. ಅದು ಜಗ್ಗಿ ಊದಿಕೊಂಡಾಗ ಹಾಕ್‌ನ ತುದಿಯಿಂದ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಕೆಳಗೆ ದಪ್ಪನೆಯ ಉಬ್ಬು ಕಾಣಿಸುತ್ತದೆ, ಅದನ್ನು ಕರ್ಬ್ ಎನ್ನುತ್ತಾರೆ. ಅಂದರೆ ಎರಡು ಅತಿಗಳ ನಡುವೆ ಜಾಗ ಹುಡುಕಬೇಕು. ಪಕ್ಕದಿಂದ ಫೋಟೋ ತೆಗೆದು ಅಳೆದರೆ ಹಾಕ್‌ನ ಮುಂಬದಿಯ ಕೋನ ಸಾಮಾನ್ಯವಾಗಿ 155ರಿಂದ 165 ಡಿಗ್ರಿಗಳ ಆಸುಪಾಸಿನಲ್ಲಿ ಬರುತ್ತದೆ. ಸ್ವೀಡನ್ನಿನಲ್ಲಿ 1990ರ ಹೊತ್ತಿಗೆ ನಡೆದ ಅಳತೆಗಳಲ್ಲಿ ಜಿಗಿತ ಮತ್ತು ಡ್ರೆಸಾಜ್ (ಸವಾರನ ಸೂಚನೆಯಂತೆ ಶಿಸ್ತಿನ ನಡೆಗಳನ್ನು ತೋರಿಸುವ ಸ್ಪರ್ಧೆ) ಎರಡರ ಉತ್ತಮ ಕುದುರೆಗಳ ಹಾಕ್ ಕೋನ ಉಳಿದವಕ್ಕಿಂತ ದೊಡ್ಡದಾಗಿತ್ತು, ಅಂದರೆ ಕಾಲು ಹೆಚ್ಚು ನೇರವಾಗಿತ್ತು. ಆದ್ದರಿಂದ ತುಸು ನೇರವಾಗಿರುವುದನ್ನೇ ದೋಷವೆಂದು ತಳ್ಳಬಾರದು ಎಂದೂ ಡಾಕ್ಟರು ಎಚ್ಚರಿಸಿದರು.

ಫೋಟೋದ ಅಳತೆಯನ್ನು ಎಷ್ಟು ನಂಬಬೇಕು ಎಂಬುದನ್ನು ನಾನೇ ಪರೀಕ್ಷಿಸಿದೆ. ನೆರೆಯ ಊರಿನ ಒಂದು ಕುದುರೆಯನ್ನು ಒಂದೇ ಮುಂಜಾನೆ ಮೂರು ಸಲ ನಿಲ್ಲಿಸಿ, ಪ್ರತಿಸಲವೂ ಪಕ್ಕದಿಂದ ಚಿತ್ರ ತೆಗೆದು ಕೋನಮಾಪಕ ಇಟ್ಟು ನೋಡಿದರೆ 156, 159, 163 ಎಂದು ಮೂರು ಬೇರೆ ಸಂಖ್ಯೆಗಳು ಬಂದವು. ಕಾಲನ್ನು ಒಂದು ಗೇಣು ಮುಂದೆ ಇಲ್ಲವೇ ಹಿಂದೆ ಇಟ್ಟರೆ ಸಾಕು, ನೇರ ಕಾಲು ಬಾಗಿದಂತೆಯೂ ಬಾಗಿದ ಕಾಲು ನೇರವಾದಂತೆಯೂ ಕಾಣುತ್ತದೆ. ಆ ದಿನದಿಂದ ಹಾಕ್‌ನ ಕೆಳಗಿನ ಎಲುಬು ನೆಟ್ಟಗೆ ಇರುವಾಗ, ಮೊಬೈಲನ್ನು ಕುದುರೆಯ ಹೊಟ್ಟೆಯ ಎತ್ತರಕ್ಕೆ ಹಿಡಿದು ತೆಗೆದ ಚಿತ್ರವನ್ನು ಬಿಟ್ಟು ಬೇರೆ ಯಾವ ಚಿತ್ರವನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಟ್ಸ್‌ಆಪ್‌ನಲ್ಲಿ ಬರುವ ಮಾರಾಟದ ಚಿತ್ರಗಳನ್ನಂತೂ ನೋಡುವುದೇ ಇಲ್ಲ.

ಹಿಂದಿನಿಂದ ನೋಡುವಾಗ ಇದೇ ದಾರ ಹಾಕ್, ನೇರ ಎಲುಬು, ಗಂಟು, ಗೊರಸು ಈ ನಾಲ್ಕನ್ನೂ ನಡುವೆ ಸೀಳಿದಂತೆ ಇಳಿಯಬೇಕು. ಆದರೆ ಇಲ್ಲಿ ಹೊಸಬರು ಅವಸರಪಟ್ಟು ಒಳ್ಳೆಯ ಕುದುರೆಯನ್ನು ಬಿಡುತ್ತಾರೆ. ಕುದುರೆ ಓಡುವಾಗ ಸ್ಟೈಫಲ್ ಹೊಟ್ಟೆಗೆ ತಾಗದೆ ಪಕ್ಕದಿಂದ ಮುಂದೆ ಬರಬೇಕಲ್ಲವೇ? ಅದಕ್ಕಾಗಿ ಇಡೀ ಕಾಲು ಮೇಲಿನಿಂದಲೇ ತುಸು ಹೊರಕ್ಕೆ ತಿರುಗಿರುತ್ತದೆ, ಗೊರಸಿನ ತುದಿಯೂ ಅದೇ ಕಡೆ ಮುಖಮಾಡಿರುತ್ತದೆ. ಇದು ದೋಷವಲ್ಲ. ಹಾಕ್‌ಗಳು ಮಾತ್ರ ಒಂದಕ್ಕೊಂದು ಹತ್ತಿರ ಬಂದು, ಅವುಗಳ ಕೆಳಗೆ ಕಾಲುಗಳು ಅಗಲವಾಗಿ ಚದುರಿದ್ದರೆ ಅದು ಹಸುವಿನ ಕಾಲು. ಕೀಲಿನ ಒಳಬದಿಯ ಮೇಲೆ ಒತ್ತಡ ಹೆಚ್ಚಿ, ಕಾಲಾಂತರದಲ್ಲಿ ಅಲ್ಲಿನ ಚಿಕ್ಕ ಕೀಲುಗಳಲ್ಲಿ ಎಲುಬು ಬೆಳೆಯುತ್ತದೆ. ಸ್ಪಾವಿನ್ ಎನ್ನುವುದು ಅದಕ್ಕೇ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕೆಟ್ಟದ್ದು ಹಾಕ್ ಹೊರಕ್ಕೆ ಬಾಗಿದ ಕಾಲು, ಏಕೆಂದರೆ ಭಾರ ಬಿದ್ದಾಗಲೆಲ್ಲ ಗೊರಸು ನೆಲದ ಮೇಲೆ ಬೀಸುಕಲ್ಲಿನಂತೆ ತಿರುಚುತ್ತದೆ.

ಇಷ್ಟೆಲ್ಲ ನಿಂತ ಕುದುರೆಯ ಮಾತಾಯಿತು. ಚಲಿಸುವ ಕುದುರೆಯನ್ನು ಓದಲು ನನಗೆ ಕಲಿಸಿದವರು ಡಾಕ್ಟರಿಗಿಂತ ಹೆಚ್ಚಾಗಿ ಗಂಗಾವತಿ ಕಡೆಯ ಒಬ್ಬ ನಾಲಬಂದರು. ಒಂದು ಕಾಲಕ್ಕೆ ಟಾಂಗಾ ಕುದುರೆಗಳಿಗೆ ಲಾಳ ಕಟ್ಟಿದ, ಈಗ ಎತ್ತುಗಳಿಗೆ ಕಟ್ಟುವ ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಚಂದ್ರಿಯ ಕಾಲಿನಿಂದ ಕಳಚಿದ ಎಡ ಹಿಂಗಾಲಿನ ಲಾಳವನ್ನು ಅವರು ನನ್ನ ಅಂಗೈಯಲ್ಲಿಟ್ಟು ಬೆರಳಾಡಿಸಲು ಹೇಳಿದರು. ಹಿಮ್ಮಡಿಯ ಬದಿಯಲ್ಲಿ ಕಬ್ಬಿಣ ಹೊಸದರಂತೆ ದಪ್ಪವಾಗಿತ್ತು. ಮುಂತುದಿಯಲ್ಲಿ ಮಾತ್ರ ಅಡಿಕೆ ಕತ್ತರಿಯ ಅಲಗಿನಷ್ಟು ತೆಳ್ಳಗೆ ಸವೆದು, ಅಂಚು ಮೇಲಕ್ಕೆ ಬಾಗಿ ಹೊಳೆಯುತ್ತಿತ್ತು. ಬಲಗಾಲಿನ ಲಾಳ ಎಲ್ಲ ಕಡೆಯೂ ಒಂದೇ ಸಮ ಸವೆದಿತ್ತು. “ಕುದುರಿ ಸುಳ್ಳು ನಿಂತೀತು ಗೌಡ್ರ, ಲಾಳ ಸುಳ್ಳು ಸವೆಯೂದಿಲ್ಲ” ಎಂದರು ಕಾಕಾ. ಕೊಳ್ಳುವ ದಿನ ಆ ಲಾಳಗಳನ್ನು ಎತ್ತಿ ನೋಡಿದ್ದರೆ ಚಂದ್ರಿ ಕಾಲಿನ ತುದಿ ಎಳೆಯುತ್ತದೆಂದು ಅಂದೇ ತಿಳಿಯುತ್ತಿತ್ತು.

ಕಾಕಾ ಕಲಿಸಿದ ಇನ್ನೊಂದು ಪಾಠ ಎರೆ ಹೊಲದ್ದು. ಮಳೆ ನಿಂತ ಎರಡನೆಯ ದಿನ, ಎರೆ ಮಣ್ಣು ಕಾಲಿಗೆ ಅಂಟುವಷ್ಟು ಹಸಿಯಾಗಿಲ್ಲದ, ಗುರುತು ಅಳಿಯುವಷ್ಟು ಒಣಗಿಯೂ ಇಲ್ಲದ ಹೊತ್ತಿನಲ್ಲಿ ಬದುವಿನ ಪಕ್ಕ ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಬೇಕು. ಸರಾಗ ನಡಿಗೆಯಲ್ಲಿ ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ತುಳಿಯುತ್ತದೆ ಅಥವಾ ದಾಟಿ ಬೀಳುತ್ತದೆ. ಎಡಕ್ಕೂ ಬಲಕ್ಕೂ ದಾಟಿದ ಅಂತರ ಒಂದೇ ಇದೆಯೇ ಎಂಬುದನ್ನು ಗೇಣು ಹಾಕಿ ಅಳೆಯಬಹುದು. ಗುರುತಿನ ಅಂಚು ಚೊಕ್ಕವಾಗಿದ್ದರೆ ಗೊರಸು ತಿರುಚಿಲ್ಲ. ಒಂದು ಬದಿಯ ಮಣ್ಣು ಉಜ್ಜಿ ಬದಿಗೆ ಸರಿದಿದ್ದರೆ ತಿರುಚಿದೆ. ಅಷ್ಟು ದೊಡ್ಡ ಪ್ರಾಣಿಯ ದೋಷ ಒಂದು ಬೆರಳಗಲದ ಮಣ್ಣಿನಲ್ಲಿ ಬರೆದಿರುವುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷವನ್ನು ಹೇಳಲಾರೆ.

ಆ ದಿನಗಳಲ್ಲಿ ಹಂಪಿಯ ಮಹಾನವಮಿ ದಿಬ್ಬದ ಬದಿಗಳಲ್ಲಿ ಕೊರೆದ ಕುದುರೆಗಳ ಸಾಲನ್ನೂ ನಾನು ಹೋಗಿ ನೋಡಿಬಂದೆ. ಎಷ್ಟೋ ಸಲ ನೋಡಿದ್ದೇ ಆದರೂ ಹಿಂಗಾಲುಗಳನ್ನು ನೋಡಿದ್ದು ಅದೇ ಮೊದಲು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸರ ನೂನಿಜ್, ವಿಜಯನಗರದ ಅರಸು ವರ್ಷಕ್ಕೆ ಹೊರ್ಮುಜ್‌ನ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅಷ್ಟು ಕುದುರೆಗಳ ಕಾಲು ನೋಡಿ ಹೌದು, ಅಲ್ಲ ಎಂದು ಹೇಳಿದ ಜನ ಇದೇ ನೆಲದಲ್ಲಿ ಇದ್ದಿರಲೇಬೇಕು ಎಂಬ ಯೋಚನೆ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ.

ಎರಡನೆಯ ಕುದುರೆಗಾಗಿ ನಾನು ಹೋದದ್ದು ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಜಾತ್ರೆಗೆ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ದೇವರ ವಾಹನವೂ ಕುದುರೆಯೇ, ಸಂತೆಯೂ ಕುದುರೆಯದೇ. ಮೊದಲ ದಿನ ಕೊಳ್ಳುವ ಮಾತನ್ನೇ ಎತ್ತಬಾರದೆಂದು ಡಾಕ್ಟರು ಹೇಳಿ ಕಳಿಸಿದ್ದರು. ನೋವು ಮರೆಸುವ ಔಷಧ ಕೊಟ್ಟು ತಂದ ಕುದುರೆ ಇಂದು ಸರಿಯಾಗಿ ಓಡಿ, ನಾಳೆ ಅಥವಾ ನಾಡಿದ್ದು ಕುಂಟಬಹುದು. ಮೂರು ದಿನವೂ ಒಂದೇ ಕುದುರೆಯನ್ನು ಹೊತ್ತು ಬದಲಿಸಿ ನೋಡುವುದೇ ಅದಕ್ಕೆ ಮದ್ದು. ಮುಂಗಾಲನ್ನು ದಿಬ್ಬದ ಮೇಲೆ ನಿಲ್ಲಿಸಿ ತೋರಿಸುವ ಕುದುರೆಗಳೆಲ್ಲವನ್ನೂ ನಾನು ಸಮನೆಲಕ್ಕೆ ಇಳಿಸಲು ಕೇಳಿಕೊಂಡೆ. ಕೆಲವರು ಒಪ್ಪಿದರು, ಕೆಲವರು ಮುಖ ತಿರುಗಿಸಿದರು.

ಅಲ್ಲಿ ಸವಾರರು ಹೆಮ್ಮೆಯಿಂದ ತೋರಿಸುವ ನಡೆ ರೇವಾಲ್. ಒಂದೇ ಬದಿಯ ಎರಡು ಕಾಲುಗಳು ಜೊತೆಜೊತೆಗೆ ಸಾಗುವ, ಬೆನ್ನು ಅಲುಗದ ಆ ನಡೆ ಕಣ್ಣಿಗೆ ಹಬ್ಬವೇ ಸರಿ. ಆದರೆ ಕುಂಟು ಕಾಣಿಸುವುದು ಕುಕ್ಕುಲೋಟದಲ್ಲಿ, ಏಕೆಂದರೆ ಅದರಲ್ಲಿ ಒಂದು ಬದಿಯ ಮುಂಗಾಲು ಮತ್ತು ಎದುರು ಬದಿಯ ಹಿಂಗಾಲು ಜೋಡಿಯಾಗಿ ಒಂದೇ ತಾಳಕ್ಕೆ ಬೀಳುತ್ತವೆ, ತಾಳ ತಪ್ಪಿದರೆ ಕಿವಿಗೂ ಗೊತ್ತಾಗುತ್ತದೆ. ನುಖ್ರಾ ಎಂದು ಕರೆಯುವ ಬಿಳಿ ಗಂಡು ಕುದುರೆಯೊಂದರ ಹಾಕ್‌ನ ಕೆಳಗೆ ಕರ್ಬ್‌ನ ಉಬ್ಬಿತ್ತು. ಹಗ್ಗ ಕಟ್ಟಿದ ಗುರುತೆಂದು ಒಡೆಯರು ಹೇಳಿದರು. ಇನ್ನೊಂದು ಹೆಣ್ಣು ಕುದುರೆ, ಹಿಂದಿನಿಂದ ನೋಡಿದರೆ, ಓಡುವಾಗ ಬಲ ಸೊಂಟವನ್ನು ಎಡಕ್ಕಿಂತ ಮೇಲಕ್ಕೆ ಎತ್ತಿ ಹಾಕುತ್ತಿತ್ತು, ಆ ಬದಿಯ ಸ್ನಾಯುವೂ ಬತ್ತಿತ್ತು. ಎರಡನ್ನೂ ಬಿಟ್ಟೆ.

ತುಂಗಿಯನ್ನು ಕಂಡದ್ದು ಎರಡನೆಯ ದಿನ ಮುಂಜಾನೆ, ನೀರಿನ ತೊಟ್ಟಿಯ ಹತ್ತಿರ. ಕೆಂಗಂದು ಬಣ್ಣದ, ಆರು ವರ್ಷದ, ಹೆಚ್ಚು ಎತ್ತರವಿಲ್ಲದ ಹೆಣ್ಣು ಕುದುರೆ. ಯಾರೂ ಅದನ್ನು ಸಿಂಗರಿಸಿರಲಿಲ್ಲ. ತೂಗುಗುಂಡಿನ ದಾರ ಬಿಟ್ಟಾಗ ಹಾಕ್‌ನ ಕೆಳಗಿನ ಎಲುಬು ಕೂದಲೆಳೆಯಷ್ಟು ಮುಂದಕ್ಕಿತ್ತು. ಹಿಂದಿನಿಂದ ಕಾಲು ತುಸು ಹೊರಕ್ಕೆ ತಿರುಗಿತ್ತು, ಆದರೆ ಎರಡೂ ಕಾಲು ಒಂದೇ ಅಳತೆಯಲ್ಲಿ. ಹಾಕ್ ಅಗಲವಾಗಿ, ಒಣಗಿದಂತೆ ಚೊಕ್ಕವಾಗಿ, ಎಲುಬಿನ ಏರುತಗ್ಗು ಚರ್ಮದ ಮೇಲೆ ಕಾಣುವಂತಿತ್ತು. ಮುಂಬದಿಯ ಒಳಗುಳಿಯಲ್ಲಿ ನೀರು ತುಂಬಿದ ಮೆತ್ತನೆಯ ಊತವಿರಲಿಲ್ಲ. ಸ್ಟೈಫಲ್‌ನಿಂದ ಹಾಕ್‌ವರೆಗಿನ ಭಾಗ ದಪ್ಪ ಮಾಂಸಖಂಡದಿಂದ ಕೂಡಿತ್ತು. ಮೂರನೆಯ ದಿನ ಸಂಜೆ ಒಂದೊಂದು ಹಿಂಗಾಲನ್ನೂ ಒಂದು ನಿಮಿಷ ಮಡಿಸಿ ಎತ್ತಿ ಹಿಡಿದು, ಬಿಟ್ಟ ಕೂಡಲೇ ಓಡಿಸಿದೆವು. ಬಲಗಾಲು ಎರಡು ಹೆಜ್ಜೆ ಬಿಗಿಯಾಗಿ ಬಿದ್ದು ಸರಿಹೋಯಿತು. ನನಗೆ ಅಳುಕಾಯಿತು. ಫೋನಿನಲ್ಲಿ ಡಾಕ್ಟರು, ಮೊದಲ ಕೆಲವು ಹೆಜ್ಜೆ ಬಿಟ್ಟು ಆಮೇಲೆಯೂ ಕುಂಟಿದರೆ ಮಾತ್ರ ಚಿಂತಿಸಿ, ಆದರೂ ಎಕ್ಸ್‌ರೇ ಇಲ್ಲದೆ ಹಣ ಎಣಿಸಬೇಡಿ ಎಂದರು.

ಮುಂಗಡ ಕೊಟ್ಟು, ಎಕ್ಸ್‌ರೇಯಲ್ಲಿ ದೋಷ ಕಂಡರೆ ಕುದುರೆ ಮರಳಿಸುವ ಮಾತಿನ ಮೇಲೆ ಹೊರಟೆವು. ಒಡೆಯರ ತಮ್ಮನೇ ಜೊತೆಗೆ ಬಂದರು. ದಾರಿಯಲ್ಲಿ ಬೀದರ್‌ನಲ್ಲಿ ಹಾಕ್ ಮತ್ತು ಸ್ಟೈಫಲ್‌ಗಳ ಚಿತ್ರ ತೆಗೆಸಿದೆ. ಬಲ ಹಾಕ್‌ನ ಕೆಳಗಿನ ಚಿಕ್ಕ ಕೀಲುಗಳ ನಡುವಿನ ಕಪ್ಪು ಗೆರೆಗಳು ಚೊಕ್ಕವಾಗಿದ್ದವು, ಅಂಚುಗಳಲ್ಲಿ ಎಲುಬಿನ ಮೊಳಕೆ ಇರಲಿಲ್ಲ. 1,35,000 ರೂಪಾಯಿಯ ಉಳಿದ ಹಣವನ್ನು ಅಲ್ಲಿಯೇ ಎಣಿಸಿ ಕೊಟ್ಟೆ.

ಅವಸರ ಮಾಡದೆ ಎಂಟು ತಿಂಗಳು ತಯಾರಿ ಮಾಡಿದೆ. ಮೊದಲ ಎರಡು ತಿಂಗಳು ಬರೀ ನಡಿಗೆ, ಆಮೇಲೆ ಮಸಾರಿ ದಾರಿಯಲ್ಲಿ ಕುಕ್ಕುಲೋಟ, ಕೊನೆಗೆ ವಾರಕ್ಕೊಮ್ಮೆ ಗುಡ್ಡದ ಏರು. ಎಷ್ಟೇ ದಣಿದಿದ್ದರೂ ಪ್ರತಿದಿನ ಸಂಜೆ ಎರಡೂ ಹಾಕ್‌ಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತೇನೆ, ಎಡಗೈ ಎಡಕ್ಕೆ, ಬಲಗೈ ಬಲಕ್ಕೆ. ಕಳೆದ ಚಳಿಗಾಲದಲ್ಲಿ ನಮ್ಮ 40 ಕಿಲೋಮೀಟರ್ ಮುಗಿದಾಗ ತುಂಗಿಯ ಎದೆಬಡಿತ ನಿಗದಿಯ ಸಮಯದೊಳಗೆ ನಿಮಿಷಕ್ಕೆ 64ಕ್ಕಿಂತ ಕೆಳಗೆ ಇಳಿದಿತ್ತು. ಪರೀಕ್ಷಕರು ಓಡಿಸಿ ನೋಡಿದಾಗ ನಾನು ಅವರ ಮುಖ ನೋಡಲಿಲ್ಲ, ತುಂಗಿಯ ಸೊಂಟದ ಎರಡು ಎಲುಬುಗಳನ್ನೇ ನೋಡುತ್ತಿದ್ದೆ. ಎರಡೂ ಒಂದೇ ಎತ್ತರಕ್ಕೆ ಏಳುತ್ತಿದ್ದವು.

ಚಂದ್ರಿ ಈಗಲೂ ನಮ್ಮಲ್ಲೇ ಇದೆ. ಏರಿನ ನಡಿಗೆಯಿಂದ ತೊಡೆ ತುಂಬಿಕೊಂಡಿದೆ, ಕಳೆದ ಒಂದು ವರ್ಷದಲ್ಲಿ ಕಾಲು ಸಿಕ್ಕಿಕೊಂಡದ್ದು ಎರಡೇ ಸಲ. ಅದರ ರೂಪ ಕಂಡು ಮರಿ ಹಾಕಿಸಿ ಕೊಡಿ ಎಂದು ಕೇಳಿಕೊಂಡು ಬರುವವರು ಹಲವರಿದ್ದಾರೆ. ಕಾಲಿನ ಕಟ್ಟು ತಾಯಿಯಿಂದ ಮರಿಗೆ ಇಳಿಯುತ್ತದೆಯಾದ್ದರಿಂದ ನಾನು ಒಪ್ಪಿಲ್ಲ. ಬಂದವರಿಗೆ ಚಹಾ ಕೊಟ್ಟು, ಗೋಡೆಯ ಮೊಳೆಗೆ ನೇತುಹಾಕಿರುವ ಆ ಸವೆದ ಲಾಳವನ್ನು ಇಳಿಸಿ ಅವರ ಕೈಗೆ ಕೊಡುತ್ತೇನೆ.